ಹೆಸರಿಲ್ಲದ ಹದಿನಾಲ್ಕು ಚಿತ್ರ: ಮೂಲ ಗೊತ್ತಿದ್ದು ನೋಡಬೇಕಾ, ಗೊತ್ತಿಲ್ಲದೆ ನೋಡಬೇಕಾ?

ಮೂರನೇ ಕ್ರಾಸ್ | ಶನಿವಾರ ರಾತ್ರಿ 9:10

ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್‌ನಿಂದ ನಡೆದುಹೋಗುವಷ್ಟು ದೂರದಲ್ಲಿರುವ ಒಂದು ಗ್ಯಾಲರಿಯಲ್ಲಿ ಈಗ ಒಬ್ಬ ಕಲಾವಿದೆಯ ಏಕವ್ಯಕ್ತಿ ಪ್ರದರ್ಶನ ನಡೆಯುತ್ತಿದೆ. ಎಲ್ಲವೂ ಅಮೂರ್ತ ಚಿತ್ರಗಳು. ಹೆಸರು, ವಿಳಾಸ ಹಾಕಿದರೆ ಜಾಹೀರಾತು ಅಂತ ಅಡ್ಮಿನ್ ತೆಗೆದುಬಿಡುತ್ತಾರೆ. ಬೇಕಾದವರು ಮೆಸೇಜ್ ಮಾಡಿ, ಹೇಳುತ್ತೇನೆ.

ವಿಷಯ ಏನೆಂದರೆ, ಒಂದು ಚಿತ್ರಕ್ಕೂ ಹೆಸರಿಲ್ಲ. ಪಕ್ಕದಲ್ಲಿ ಬೆರಳಗಲದ ಚೀಟಿ. ಅದರಲ್ಲಿ ನಂಬರ್, ಅಳತೆ, ‘ಕ್ಯಾನ್ವಾಸ್ ಮೇಲೆ ಆಕ್ರಿಲಿಕ್’. ಅಷ್ಟೇ. ಬಾಗಿಲ ಪಕ್ಕದ ಗೋಡೆಯಲ್ಲಿ ಮಾತ್ರ ಪ್ರಕೃತಿಯ ಆಕಾರಗಳಿಂದ ಹುಟ್ಟಿದ ಚಿತ್ರಗಳು ಅಂತ ಒಂದು ಸಾಲು ಇದೆ. ಯಾವ ಆಕಾರ, ಎಲ್ಲಿಯದು, ಏನೂ ಇಲ್ಲ.

ಆದರೆ ಕೌಂಟರ್‌ನಲ್ಲಿ ಕೇಳಿದರೆ ಒಂದು ಹಾಳೆ ಕೊಡುತ್ತಾರೆ! ಅದರಲ್ಲಿ ಪ್ರತಿ ನಂಬರಿನ ಎದುರಿಗೆ ಮೂಲ ಬರೆದಿದೆ. 4 ಅಂದರೆ ಹೆಸರಘಟ್ಟ ಕೆರೆಯ ಒಣಗಿದ ಅಂಗಳ. 7 ಲಾಲ್‌ಬಾಗ್ ಬಂಡೆ. 9 ಕೆಳಗೆ ನಿಂತು ನೋಡಿದ ಮಳೆಮರ. 11 ಹುತ್ತ. ಹೀಗೆ. ಕೇಳದವರಿಗೆ ಹಾಳೆಯೇ ಇಲ್ಲ.

ಇದೇನು ಕಣ್ಣಾಮುಚ್ಚಾಲೆ ಅನಿಸಿತು ನನಗೆ. ಹೇಳೋದಾದರೆ ಗೋಡೆ ಮೇಲೆ ಹೇಳಿ. ಹೇಳಬಾರದು ಅಂತಿದ್ದರೆ ಹಾಳೆ ಯಾಕೆ? ಚಿತ್ರಗಳು ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ತೋರಿಸಿದ ರೀತಿಯ ಮೇಲೆ. ನೀವು ಏನಂತೀರಿ?

ಸುಮ್ನೆ ಓದೋನು | ಶನಿವಾರ ರಾತ್ರಿ 9:22

ಎಸಿ ಇದೆಯಾ? ಇದ್ದರೆ ನಾಳೆನೇ ಹೋಗ್ತೀನಿ.

ಕುಂಚ ಮೇಷ್ಟ್ರು | ಶನಿವಾರ ರಾತ್ರಿ 10:05

ನಾನೂ ನೋಡಿ ಬಂದೆ. ಆ ಹಾಳೆಯೂ ಬೇಡವಾಗಿತ್ತು ಅನ್ನುವ ಕಡೆಯವನು ನಾನು.

ಹೆಸರಿಡುವುದು, ಬಿಡುವುದು ಹೊಸ ಜಗಳವಲ್ಲ. ಅಮೂರ್ತ ಚಿತ್ರಕಾರ ವಿ.ಎಸ್. ಗಾಯ್ತೊಂಡೆ ಅವರ ಕ್ಯಾನ್ವಾಸ್‌ಗಳನ್ನೇ ತಗೊಳ್ಳಿ. ರೋಲರ್, ಪ್ಯಾಲೆಟ್ ನೈಫ್ (ಬಣ್ಣ ಹಚ್ಚುವ ಚೂರಿ) ಹಿಡಿದು, ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಪದರ ಪದರವಾಗಿ ಕಟ್ಟಿದ ಚಿತ್ರಗಳು. ಬಹುಪಾಲಿಗೆ ಹೆಸರಿಲ್ಲ. ವರ್ಷದ ಮೇಲೆ ಗುರುತು ಹಿಡಿಯಬೇಕು. ಇದರಲ್ಲಿ ಸಮುದ್ರ ಇದೆಯಾ, ಮಂಜು ಇದೆಯಾ ಅಂತ ಜನ ಇವತ್ತಿಗೂ ಹುಡುಕುತ್ತಾರೆ. ಅವರು ಮಾತ್ರ ತಮ್ಮ ಚಿತ್ರದಲ್ಲಿ ವಸ್ತುವೇ ಇಲ್ಲ ಅನ್ನುತ್ತಿದ್ದರು.

ಚಿತ್ರಕಾರ ಎಸ್.ಎಚ್. ರಝಾ ಅವರದು ಪೂರ್ತಿ ಬೇರೆ ದಾರಿ. ಚಿತ್ರಕ್ಕೆ ಬಿಂದು ಅಂತಲೇ ಹೆಸರು. ಮಧ್ಯಪ್ರದೇಶದ ಕಾಡಿನ ಪಕ್ಕದ ಹಳ್ಳಿಯಲ್ಲಿ ಓದುವಾಗ, ಮನಸ್ಸು ನಿಲ್ಲದ ಹುಡುಗನಿಗೆ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕಿ ಇಟ್ಟು ಇದನ್ನೇ ನೋಡು ಅಂದಿದ್ದರಂತೆ. ಆ ಕಥೆಯನ್ನು ಅವರೇ ಹೇಳುತ್ತಿದ್ದರು. ಈಗ ಆ ಕಥೆ ಗೊತ್ತಿಲ್ಲದೆ ಬಿಂದು ನೋಡುವವರೇ ಕಮ್ಮಿ. ಅದು ಲಾಭವೋ ನಷ್ಟವೋ ನೀವೇ ಯೋಚಿಸಿ. ನನಗೆ ನಷ್ಟ ಅಂತಲೇ ಅನಿಸುತ್ತದೆ. ಚಿತ್ರದ ಮುಂದೆ ನಿಂತರೆ ಬಣ್ಣ ಕಾಣುವ ಮೊದಲು ಆ ಹುಡುಗ ಕಾಣುತ್ತಾನೆ.

ಹಾಗಾಗಿ ನಂಬರ್ ಸಾಕು. ಕಣ್ಣಿಗೆ ಸ್ವಲ್ಪ ಕೆಲಸ ಕೊಡಿ.

ಕೆರೆ ಏರಿ | ಭಾನುವಾರ ಬೆಳಗ್ಗೆ 7:40

ಮೇಷ್ಟ್ರೇ, ನಮಸ್ಕಾರ. ನಾನು ಮಣ್ಣು ಪರೀಕ್ಷೆ ಮಾಡುವ ಸಿವಿಲ್ ಕಡೆಯವನು. ಚಿತ್ರಕಲೆ ಅಷ್ಟಾಗಿ ಗೊತ್ತಿಲ್ಲ. ಆದರೆ 4ನೇ ನಂಬರ್ ಮುಂದೆ ನಿಂತಾಗ ನನಗೆ ಹಾಳೆ ಬೇಕಾಗಲಿಲ್ಲ. ಕೆರೆ ಅಂಗಳ ಅಂತ ನೋಡಿದ ತಕ್ಷಣ ತಿಳಿಯಿತು. ತಿಳಿದ ಮೇಲೆ ನೋಡೋಕೆ ಇನ್ನೂ ಜಾಸ್ತಿ ಸಿಕ್ಕಿತು. ಅದಕ್ಕೇ ನಿಮ್ಮ ಮಾತು ಒಪ್ಪಲ್ಲ.

ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ. ಮೇಲ್ಪದರ ಮೊದಲು ಒಣಗುತ್ತದೆ, ಕೆಳಗಿನದು ಇನ್ನೂ ಹಸಿ. ಮೇಲಿನದು ಕುಗ್ಗಬೇಕು, ಕೆಳಗಿನದು ಬಿಡುವುದಿಲ್ಲ. ಆ ಎಳೆದಾಟದಲ್ಲಿ ಬಿರಿಯುತ್ತದೆ. ಮೊದಲ ಬಿರುಕು ಉದ್ದಕ್ಕೆ ಓಡುತ್ತದೆ. ಆಮೇಲೆ ಬರುವ ಬಿರುಕು ಅದನ್ನು ಹೆಚ್ಚುಕಮ್ಮಿ 90 ಡಿಗ್ರಿಯಲ್ಲಿ ಬಂದು ಮುಟ್ಟುತ್ತದೆ, ಇಂಗ್ಲಿಷಿನ ‘ಟಿ’ ಅಕ್ಷರದ ಥರ. ಹಾಗಾಗಿ ಒಂದೇ ಸಲ ಒಣಗಿದ ಮಣ್ಣಿನಲ್ಲಿ ಚೌಕ ಚೌಕ ತುಂಡುಗಳು. ಅದೇ ಅಂಗಳ ಮಳೆಗೆ ನೆನೆದು, ಮತ್ತೆ ಒಣಗಿ, ಮತ್ತೆ ನೆನೆದು, ಹೀಗೇ ಹಲವು ಸಲ ಆದರೆ ಬಿರುಕು ಕೂಡುವ ಜಾಗಗಳು ಮೆಲ್ಲಗೆ ಜರುಗುತ್ತವೆ. ಕೊನೆಗೆ ಮೂರು ಬಿರುಕು 120 ಡಿಗ್ರಿಯಲ್ಲಿ ಸೇರುತ್ತವೆ, ‘ವೈ’ ಅಕ್ಷರದ ಥರ. ಚೌಕ ಹೋಗಿ ಆರು ಮೂಲೆಯ ತುಂಡು ಬರುತ್ತದೆ.

ಈಗ ಆ ಚಿತ್ರ ನೋಡಿ. ಎಡಗಡೆ ಮೂರನೇ ಒಂದು ಭಾಗದಲ್ಲಿ ಎಲ್ಲ ‘ಟಿ’. ಬಲಕ್ಕೆ ಹೋದ ಹಾಗೆ ‘ವೈ’ ಬೆರೆಯುತ್ತದೆ. ಬಲತುದಿಯಲ್ಲಿ ಪೂರ್ತಿ ‘ವೈ’. ಅಂದರೆ ಎಡಗಡೆ ಈ ವರ್ಷವೇ ನೀರು ಇಳಿದ ಜಾಗ, ಬಲಗಡೆ ದಡದ ಹತ್ತಿರದ ಹಳೇ ಅಂಗಳ. ಸುಮ್ಸುಮ್ನೆ ಗೆರೆ ಎಳೆದವರಿಗೆ ಇದು ಬರಲ್ಲ. ಅವರು ಕೆರೆಗೆ ಇಳಿದು, ಬಗ್ಗಿ ನೋಡಿದ್ದಾರೆ. ಕೆರೆ ಅಂತಲೇ ಗೊತ್ತಿಲ್ಲದವನಿಗೆ ಇದು ಹೇಗೆ ಕಾಣಬೇಕು?

ಕುಂಚ ಮೇಷ್ಟ್ರು | ಭಾನುವಾರ ಬೆಳಗ್ಗೆ 8:30

ಎಡದಿಂದ ಬಲಕ್ಕೆ ಏನೋ ಬದಲಾಗುತ್ತಿದೆ ಅಂತ ನನಗೂ ಕಂಡಿತ್ತು ಸಾರ್. ಎಡಗಡೆ ಬಿಗಿ, ಬಲಗಡೆ ಸಡಿಲ. ಲೆಕ್ಕ ಗೊತ್ತಿರಲಿಲ್ಲ, ಅಷ್ಟೇ. ಕಣ್ಣಿಗೆ ಅಷ್ಟು ಸಾಕಲ್ವಾ?

ಆದರೆ ನೀವು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಆ ಬಿರುಕುಗಳು ಕ್ರ್ಯಾಕಲ್ ಮೀಡಿಯಂ ಹಾಕಿ ತಾನಾಗಿ ಬಿಡಿಸಿದ್ದಲ್ಲ. ಅಂಗಡಿಯಲ್ಲಿ ಆ ಡಬ್ಬ ಸಿಗುತ್ತದೆ. ಹಚ್ಚಿ ಬಿಟ್ಟರೆ ತನಗೆ ಬೇಕಾದ ಹಾಗೆ ಒಡೆಯುತ್ತದೆ. ‘ಟಿ’ ಬೇಕು, ‘ವೈ’ ಬೇಕು ಅಂತ ಹೇಳೋಕಾಗಲ್ಲ. ಇಲ್ಲಿ ಒಂದೊಂದು ಗೆರೆಯನ್ನೂ ಮಾಡೆಲಿಂಗ್ ಪೇಸ್ಟ್ (ದಪ್ಪಗೆ ಹಚ್ಚುವ ಲೇಪ) ಹಸಿ ಇರುವಾಗಲೇ ನೈಫಿನ ತುದಿಯಲ್ಲಿ ಎಳೆದಿದ್ದಾರೆ. ಬಲಗಡೆ ದೀಪದ ಕೆಳಗೆ ಓರೆಯಾಗಿ ನಿಂತು ನೋಡಿ. ಗೆರೆಯ ಎರಡೂ ಅಂಚಿನಲ್ಲಿ ಪೇಸ್ಟ್ ಕೂದಲೆಳೆಯಷ್ಟು ಎದ್ದು ನಿಂತಿದೆ. ಅದರ ನೆರಳು ಬೀಳುತ್ತದೆ. ಒಣಮಣ್ಣಿನ ಅಂಚು ಹಾಗೇ ಮೇಲಕ್ಕೆ ಮಡಚಿಕೊಳ್ಳುತ್ತದಲ್ಲ, ಆ ನೆರಳಿಗೇ ಅಷ್ಟು ಕಷ್ಟಪಟ್ಟಿದ್ದಾರೆ.

ಕೆರೆ ಏರಿ | ಭಾನುವಾರ ಬೆಳಗ್ಗೆ 8:41

ಒಣಮಣ್ಣಿನ ಅಂಚು ಅಂತ ನೀವೇ ಬರೆದಿದ್ದೀರಿ ಮೇಷ್ಟ್ರೇ. ಮೂಲ ಗೊತ್ತಿದ್ದಕ್ಕೇ ಆ ನೆರಳಿಗೆ ಅರ್ಥ ಬಂತು. 😀

ಬಾಡಿಗೆ ಮನೆ | ಭಾನುವಾರ ಬೆಳಗ್ಗೆ 11:15

ಎಲ್ಲ ಸರಿ ಸ್ವಾಮಿ. ಬೆಲೆ ಪಟ್ಟಿ ನೋಡಿದಿರಾ? 4ನೇ ನಂಬರಿಗೆ ಲಕ್ಷದ ಮೇಲೆ. ಒಣಗಿದ ಕೆರೆಯನ್ನು ಲಕ್ಷಕ್ಕೆ ಮಾರಿ, ಅದು ಯಾವುದೋ ಕಂಪನಿಯ ಲಾಬಿಯಲ್ಲಿ ತೂಗುಬಿದ್ದು, ಅದರ ಕೆಳಗೆ ಇನ್ನೊಂದು ಕೆರೆ ಮುಚ್ಚುವ ಪ್ಲಾನ್ ಸಹಿ ಆಗುತ್ತದೆ. ನಮ್ಮ ಆಫೀಸಿನ ಲಾಬಿಯಲ್ಲೂ ಒಂದು ದೊಡ್ಡ ಹಸಿರು ಚಿತ್ರ ಇದೆ. ಎದುರಿನ ರಸ್ತೆಯ ಮರಗಳು ಒಂದೂ ಉಳಿದಿಲ್ಲ.

ಪ್ರಕೃತಿಯಿಂದ ಪ್ರೇರಣೆ ಅನ್ನೋದು ಈಗ ಸೋಪಿನ ಡಬ್ಬದ ಮೇಲೂ ಇರುತ್ತದೆ.

ಕೆರೆ ಏರಿ | ಭಾನುವಾರ ಬೆಳಗ್ಗೆ 11:50

ಸಿಟ್ಟು ನ್ಯಾಯವೇ. ಒಂದೇ ಮಾತು ಹೇಳುತ್ತೇನೆ. ಕೆರೆ ಒಣಗುವುದೆಲ್ಲ ಸಾವಲ್ಲ. ನಮ್ಮ ಕಡೆ ಕೆರೆಗಳು ಮಳೆ ನಂಬಿದವು. ಬೇಸಿಗೆಯಲ್ಲಿ ಅಂಗಳ ಕಾಣುವುದು ಮಾಮೂಲು. ಹಿಂದೆ ಆಗಲೇ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಹೆಸರಘಟ್ಟದ ಕಥೆ ಸ್ವಲ್ಪ ಬೇರೆ. ಅರ್ಕಾವತಿಯ ನೀರು ಹಿಡಿದು ಬೆಂಗಳೂರಿಗೆ ಪೈಪಿನಲ್ಲಿ ತರಲು 1894ರಲ್ಲಿ ಮಾಡಿದ ಯೋಜನೆ ಅದು. ನಗರದ ಮೊದಲ ನಲ್ಲಿ ನೀರು ಅಲ್ಲಿಂದ ಬಂದಿದ್ದು. ನದಿಯೇ ಸೊರಗಿದ ಮೇಲೆ ಕೆರೆ ತುಂಬುವುದು ಅಪರೂಪ ಆಯಿತು. ಆ ಚಿತ್ರದಲ್ಲಿ ಅಳು ಇಲ್ಲ. ನೀರು ಬಂದು ಹೋದ ಗುರುತಷ್ಟೇ ಇದೆ. ನನಗೆ ಅದೇ ಇಷ್ಟವಾಯಿತು.

ಕುಂಚ ಮೇಷ್ಟ್ರು | ಭಾನುವಾರ ಮಧ್ಯಾಹ್ನ 12:20

ಬೆಲೆ ಬಗ್ಗೆ: ಚೀಟಿಯ ಮೇಲಿನ ದುಡ್ಡೆಲ್ಲ ಕಲಾವಿದೆಗೆ ಹೋಗಲ್ಲ. ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಮಿಷನ್ ಹಿಡಿಯುತ್ತವೆ. ಕ್ಯಾನ್ವಾಸ್, ಬಣ್ಣ, ಫ್ರೇಮ್, ಸಾಗಣೆ ಅವರದೇ. ಹದಿನಾಲ್ಕರಲ್ಲಿ ಎಷ್ಟಕ್ಕೆ ಕೆಂಪು ಚುಕ್ಕಿ (ಮಾರಾಟ ಆಯಿತು ಅನ್ನುವ ಗುರುತು) ಅಂಟಿಸಿದ್ದರು ನೋಡಿದಿರಾ? ನಾನು ಹೋದಾಗ ಎರಡಕ್ಕೆ. ಅವೂ ಚಿಕ್ಕವು.

ಲಾಬಿ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬೆಣೆ ಸುತ್ತಿಗೆ | ಭಾನುವಾರ ಸಂಜೆ 6:05

ನಾನು ಫ್ರೇಮ್ ಹಾಕುವವನು. ನಾವು ಚಿತ್ರವನ್ನು ಮೊದಲು ಹಿಂದಿನಿಂದ ನೋಡುತ್ತೇವೆ, ಅಭ್ಯಾಸ. ಗ್ಯಾಲರಿಯಲ್ಲಿ ತಿರುಗಿಸೋಕೆ ಬಿಡಲ್ಲ. ಹಾಗಾಗಿ ಪಕ್ಕದ ಅಂಚು ಬಗ್ಗಿ ನೋಡಿದೆ.

4ನೇ ನಂಬರಿಗೆ ‘ಕ್ಯಾನ್ವಾಸ್ ಮೇಲೆ ಆಕ್ರಿಲಿಕ್’ ಅಂತ ಚೀಟಿ. ಅದು ಬರೀ ಕ್ಯಾನ್ವಾಸ್ ಅಲ್ಲ. ಪ್ಲೈವುಡ್‌ಗೆ ಅಂಟಿಸಿದ ಕ್ಯಾನ್ವಾಸ್. ಬುದ್ಧಿವಂತ ಕೆಲಸ. ಮಾಡೆಲಿಂಗ್ ಪೇಸ್ಟ್‌ನಲ್ಲಿ ಕಲ್ಲಿನ ಪುಡಿ ಇರುತ್ತದೆ. ದಪ್ಪಗೆ ಹಾಕಿದರೆ ಬಾಗಲ್ಲ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಮಾತ್ರ ನಮ್ಮ ಮಳೆಗಾಲದಲ್ಲಿ ಸಡಿಲ ಆಗುತ್ತದೆ, ಬೇಸಿಗೆಯಲ್ಲಿ ಮತ್ತೆ ಬಿಗಿಯುತ್ತದೆ. ನಡುವೆ ಸಿಕ್ಕಿದ ಪೇಸ್ಟ್ ಒಡೆಯುತ್ತದೆ. ಆಗ ಕಲಾವಿದೆ ಎಳೆಯದ ಬಿರುಕುಗಳೂ ಬರುತ್ತವೆ!

9 (ಮಳೆಮರ) ಅಂಚೆಲ್ಲ ಬಣ್ಣ. ಅದು ಬರೀ ಕ್ಯಾನ್ವಾಸೇ. ಆದರೆ ಎಡಗಡೆ ಮೇಲಿನ ಮೂಲೆ ಸ್ವಲ್ಪ ಜೋಲು ಬಿದ್ದಿದೆ. ಕ್ಯಾನ್ವಾಸ್ ಬಿಗಿಯಲು ಚೌಕಟ್ಟಿನ ಮೂಲೆಗೆ ಸಿಕ್ಕಿಸಿದ ಬೆಣೆ ಒಂದು ಏಟು ಒಳಗೆ ಹೋಗಬೇಕು. ಒಂದೇ ಏಟು, ಜಾಸ್ತಿ ಬೇಡ. ಐದಡಿ ದಾಟಿದ ಚಿತ್ರಕ್ಕೆ ನಡುವೆ ಅಡ್ಡಪಟ್ಟಿ ಇರಲೇಬೇಕು, ಇದಕ್ಕೆ ಇದೆಯೋ ಇಲ್ಲವೋ. ಕೊಳ್ಳುವವರು ಕೇಳಿ ತಗೊಳ್ಳಿ. ಗೋಡೆಗೆ ಹಾಕುವಾಗ ಹಿಂದೆ ಗಾಳಿ ಆಡುವಷ್ಟು ಜಾಗ ಬಿಡಿ. ತೇವದ ಗೋಡೆಗೆ ಅಂಟಿಸಿದ ಹಾಗೆ ಹಾಕಿ ಬೂಷ್ಟು ಬಂದ ಮೇಲೆ ನಮ್ಮ ಅಂಗಡಿಗೆ ಹೊತ್ತು ತರುತ್ತಾರೆ.

ಹೆಸರಿರಬೇಕಾ ಬೇಡವಾ ನನಗೆ ಗೊತ್ತಿಲ್ಲ.

ಸುಮ್ನೆ ಓದೋನು | ಭಾನುವಾರ ಸಂಜೆ 6:30

ಈ ಥ್ರೆಡ್‌ನಲ್ಲಿ ಅತಿ ಉಪಯೋಗದ ಪೋಸ್ಟ್ ಇದೇ. ಎಸಿ ಇದೆಯಂತೆ, ಹೋಗಿ ಬಂದೆ. 9 ಇಷ್ಟ ಆಯ್ತು.

ಸಾಗರದವಳು | ಭಾನುವಾರ ರಾತ್ರಿ 9:45

ತುಂಬ ಹೊತ್ತು ಓದುತ್ತಾ ಕೂತಿದ್ದೆ. ನನಗೆ ಮೇಷ್ಟ್ರ ಮಾತೂ ಪೂರ್ತಿ ಸರಿ ಅನಿಸಲಿಲ್ಲ, ಕೆರೆ ಏರಿಯವರದೂ.

ನಮ್ಮದು ಸಾಗರದ ಕಡೆಯ ದೀವರ ಸಮುದಾಯದ ಮನೆ. ನಮ್ಮ ಗೋಡೆ ಚಿತ್ರ, ಹಸೆ ಚಿತ್ತಾರ, ಕೇಳಿರಬಹುದು. ಕೆಮ್ಮಣ್ಣು ಬಳಿದ ಗೋಡೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಿಯಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂಗಡಿಯದಲ್ಲ, ಪುಂಡಿ ನಾರು. ನಮ್ಮಜ್ಜಿ ಒಂದು ಎಳೆ ಎಳೆಯಲು ಉಸಿರು ಕಟ್ಟುತ್ತಿದ್ದಳು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಅದೇ ಕೈ. ಮೊದಲು ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಆಮೇಲೆ ಅದರ ಮೇಲೆ ಬಿಳಿ ಎಳೆ.

ಅದನ್ನು ಹೊರಗಿನವರು ನೋಡಿದರೆ ಬರೀ ಗೆರೆ, ಮೂಲೆ, ಚೌಕ. ಪೂರ್ತಿ ಅಮೂರ್ತ. ಅಜ್ಜಿಗೆ ಇದು ಭತ್ತದ ಸಸಿ, ಇದು ಬಾಸಿಂಗ. ಮನೆಯ ಚಿಕ್ಕ ಮಕ್ಕಳಿಗೂ ಗೊತ್ತು. ಪಕ್ಕದಲ್ಲಿ ಚೀಟಿ ಬರೆದು ಅಂಟಿಸುವ ಅಗತ್ಯವೇ ಇರಲಿಲ್ಲ, ಯಾಕೆಂದರೆ ಬರೆದವಳು, ನೋಡುವವರು ಎಲ್ಲ ಒಂದೇ ಗದ್ದೆಯಲ್ಲಿ ಸಸಿ ನೆಟ್ಟವರು. ಗೊತ್ತಿದೆ ಅಂತ ಯಾರೂ ನೋಡುವುದು ಬಿಡಲಿಲ್ಲ. ಈ ಸಲ ಎಳೆ ಎಷ್ಟು ಸಣ್ಣ ಬಂದಿದೆ, ಯಾರ ಕೈ ನಡುಗಿದೆ, ಅದೆಲ್ಲ ಹತ್ತಿರ ಬಗ್ಗಿ ನೋಡಿ ಆಡಿಕೊಳ್ಳುತ್ತಿದ್ದರು.

ಹಾಗಾಗಿ ಮೂಲ ತಿಳಿದರೆ ನೋಟ ಕೆಡುತ್ತದೆ ಅನ್ನುವುದು ನನಗೆ ಗ್ಯಾಲರಿಯ ಅಭ್ಯಾಸದ ಮಾತು ಅನಿಸುತ್ತದೆ. ಬಿಡಿಸಿದವರಿಗೂ ನೋಡುವವರಿಗೂ ನಡುವೆ ಒಂದು ಅಂಗಳವೂ ಇಲ್ಲದಿದ್ದಾಗ ಹುಟ್ಟಿದ ಅಭ್ಯಾಸ. ಬೆಂಗಳೂರಿನವರಿಗೆ ಲಾಲ್‌ಬಾಗ್ ಬಂಡೆ ಗೊತ್ತಿಲ್ವಾ? ಮಳೆಮರ ಗೊತ್ತಿಲ್ವಾ? ಇಲ್ಲಿ ಗುಟ್ಟು ಮಾಡುವಂಥದ್ದು ಏನಿದೆ?

ಕುಂಚ ಮೇಷ್ಟ್ರು | ಭಾನುವಾರ ರಾತ್ರಿ 10:30

ಅಮ್ಮಾ, ಇದು ಗಟ್ಟಿ ಮಾತು. ಆದರೆ ಒಂದು ವ್ಯತ್ಯಾಸ ಇದೆ ನೋಡಿ. ನಿಮ್ಮಜ್ಜಿಯ ಸಸಿ ನಿಮ್ಮಜ್ಜಿಯ ಅಜ್ಜಿಯದೂ ಹೌದು. ಊರಿಗೆಲ್ಲ ಒಂದೇ ಸಸಿ. ಈ ಕಲಾವಿದೆಯ ಬಂಡೆ ಇವರೊಬ್ಬರದು. ಹೆಸರು ಕೊಟ್ಟರೆ ನಾವು ನಮ್ಮ ಬಂಡೆಯನ್ನು ಅದರ ಮೇಲೆ ಹೇರುತ್ತೇವೆ. ಕೆಂಪೇಗೌಡರ ಗೋಪುರ ಎಲ್ಲಿ ಅಂತ ಹುಡುಕುತ್ತೇವೆ.

ಡಚ್ ಚಿತ್ರಕಾರ ಮೊಂಡ್ರಿಯಾನ್ ಒಂದೇ ಮರದ ವಿಷಯ ಹಿಡಿದು ಎಷ್ಟು ದೂರ ಹೋದರು ಅಂತ ತರಗತಿಯಲ್ಲಿ ತೋರಿಸುತ್ತಿದ್ದೆ. 1908ರ ಹೊತ್ತಿಗೆ ಶುರು ಮಾಡಿದ ಕೆಂಪು ಮರ ಮರವೇ. 1911ರ ಬೂದು ಮರದಲ್ಲಿ ಕೊಂಬೆ ಉಳಿದಿದೆ, ಆದರೆ ಕೊಂಬೆಯ ನಡುವಿನ ಆಕಾಶಕ್ಕೂ ಅಷ್ಟೇ ತೂಕ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಬಾಗಿದ ಗೆರೆಗಳಷ್ಟೇ. ಹೆಸರು ಮುಚ್ಚಿ ತೋರಿಸಿದರೆ ಹುಡುಗರು ಮೀನು ಅನ್ನುತ್ತಿದ್ದರು, ಎಲೆ ಅನ್ನುತ್ತಿದ್ದರು, ಬಹಳ ಹೊತ್ತು ನೋಡುತ್ತಿದ್ದರು. ಹೆಸರು ಹೇಳಿದ ಕೂಡಲೇ ಓಹೋ ಅಂತ ಪುಸ್ತಕ ಮುಚ್ಚುತ್ತಿದ್ದರು. ಆ ಓಹೋಗೆ ನನ್ನ ಹೆದರಿಕೆ.

ಕೌಂಟರ್ ಹಿಂದಿನವಳು | ಸೋಮವಾರ ಬೆಳಗ್ಗೆ 10:15

ಯಾರೋ ಈ ಥ್ರೆಡ್ ಕಳಿಸಿದರು. ಹಾಳೆ ಕೊಡುತ್ತಿರುವುದು ನಾನೇ. ಗ್ಯಾಲರಿಯ ಪರವಾಗಿ ಬರೆಯುತ್ತಿಲ್ಲ, ಸುಮ್ನೆ ಆಗಿದ್ದು ಹೇಳುತ್ತೇನೆ.

ಕಣ್ಣಾಮುಚ್ಚಾಲೆ ಏನೂ ಅಲ್ಲ ಸಾರ್. ಮೊದಲು ಪ್ರತಿ ಚಿತ್ರದ ಪಕ್ಕ ಒಂದು ಚಿಕ್ಕ ಫೋಟೋ ಇತ್ತು. ಕಲಾವಿದೆಯೇ ತೆಗೆದದ್ದು. ಕೆರೆ, ಬಂಡೆ, ಎಲೆ. ಉದ್ಘಾಟನೆ ದಿನ ಜನ ಏನು ಮಾಡಿದರು ಗೊತ್ತಾ? ಮೊದಲು ಫೋಟೋ ನೋಡಿದರು. ಆಮೇಲೆ ಚಿತ್ರ ನೋಡಿದರು. ಹೌದು, ಹೋಲುತ್ತೆ ಅಂದರು. ಮುಂದಿನದಕ್ಕೆ ಹೋದರು. ಹದಿನಾಲ್ಕು ಚಿತ್ರ ಮುಗಿಸೋಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು. ಒಬ್ಬರಂತೂ ಫೋಟೋಗಳೇ ಚೆನ್ನಾಗಿವೆ, ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿದರು. ಕಲಾವಿದೆ ಪಾಪ ಅಲ್ಲೇ ನಿಂತಿದ್ದರು.

ಮಾರನೇ ದಿನ ಬಾಗಿಲು ತೆಗೆಯುವ ಮೊದಲೇ ಬಂದು ಎಲ್ಲ ಫೋಟೋ ಕಿತ್ತರು. ಪೂರ್ತಿ ಮುಚ್ಚಿಡುವುದೂ ಅವರಿಗೆ ಇಷ್ಟವಿರಲಿಲ್ಲ. ಅದಕ್ಕೇ ಹಾಳೆ. ಗೋಡೆಯಲ್ಲಿ ಇನ್ನೂ ಅಂಟಿನ ಗುರುತು ಇದೆ, 6 ಮತ್ತು 7ರ ಪಕ್ಕ ನೋಡಿ. ಪುಟ್ಟಿ ಹಾಕಿಸಬೇಕು.

ಕುಂಚ ಮೇಷ್ಟ್ರು | ಸೋಮವಾರ ಬೆಳಗ್ಗೆ 10:50

ನೋಡಿದಿರಾ? ನಾನು ಹೇಳಿದ ಓಹೋ ಇದೇ.

ನಸ್ರೀನ್ ಮೊಹಮ್ಮದಿ ಅವರನ್ನು ನೆನೆಯಬೇಕು ಇಲ್ಲಿ. ಬರೋಡದಲ್ಲಿ ಕಲಿಸುತ್ತಿದ್ದವರು, 1990ರಲ್ಲಿ ತೀರಿಕೊಂಡರು. ಪೆನ್ಸಿಲ್, ಶಾಯಿಯಲ್ಲಿ ಕೂದಲಿನಷ್ಟು ಸಣ್ಣ ಗೆರೆಗಳ ಚಿತ್ರಗಳು. ಹೆಸರೂ ಇಲ್ಲ, ಬಹಳಷ್ಟಕ್ಕೆ ತಾರೀಕೂ ಇಲ್ಲ. ಅವರು ಫೋಟೋನೂ ತೆಗೆಯುತ್ತಿದ್ದರು: ಸಮುದ್ರದ ದಂಡೆ, ಮಗ್ಗದ ನೂಲು, ರಸ್ತೆ ಮೇಲಿನ ಗೆರೆ. ಬದುಕಿರುವವರೆಗೂ ಆ ಫೋಟೋಗಳನ್ನು ಪ್ರದರ್ಶನಕ್ಕೆ ಇಡಲಿಲ್ಲ. ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಅವರಿಗೆ ಅದು ಬೇಕಿತ್ತಾ ಅಂತ ಕೇಳುವವರಿಲ್ಲ.

ಕೆರೆ ಏರಿ | ಸೋಮವಾರ ಮಧ್ಯಾಹ್ನ 1:30

ಫೋಟೋ ಬೇರೆ, ಹೆಸರು ಬೇರೆ ಮೇಷ್ಟ್ರೇ. ಫೋಟೋ ಇಟ್ಟರೆ ಜನ ಹೋಲಿಸುತ್ತಾರೆ, ಒಪ್ಪಿದೆ. ಹೆಸರು ಇಟ್ಟರೆ ನೆನಪು ಮಾಡಿಕೊಳ್ಳಬೇಕಾಗುತ್ತದೆ.

7ನೇ ನಂಬರ್ ನೋಡಿ. ಲಾಲ್‌ಬಾಗ್ ಬಂಡೆ ಅಂತ ಓದಿದ ಮೇಲೆ ನಾನು ಮತ್ತೆ ಹೋಗಿ ನಿಂತೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ನೈಸ್ ಅಂತ ಕರೆಯುವ ಪಟ್ಟೆ ಪಟ್ಟೆ ಕಲ್ಲು. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದ್ದಾರೆ. ಬಿಳಿ ಪಟ್ಟೆಯಲ್ಲಿ ಬೆಣಚು, ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಬಯೊಟೈಟ್‌ನಂಥ ಕಪ್ಪು ಅಭ್ರಕ. ನೆಲದ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಕಲ್ಲು ಮೆತ್ತಗಾಗಿ ಮಡಚಿಕೊಂಡಿದ್ದರಿಂದ ಪಟ್ಟೆಗಳು ಅಲೆ ಅಲೆ. ದಿನಾ ವಾಕಿಂಗ್ ಹೋಗುವವರು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ, ಕೆಳಗೆ ಅಲೆ ಇರುವುದು ನೋಡಲ್ಲ. ಚಿತ್ರದಲ್ಲಿ ಬಂಡೆಯ ಆಕಾರವೇ ಇಲ್ಲ. ಒಂದು ಮಡಿಕೆ ಮಾತ್ರ, ಆರಡಿ ಅಗಲಕ್ಕೆ. ಬೂದು ಪಟ್ಟೆ ಒಂದು ಕಡೆ ದಪ್ಪ, ತಿರುವಿನಲ್ಲಿ ಇನ್ನೂ ದಪ್ಪ, ಆಮೇಲೆ ಸಣ್ಣಗಾಗುತ್ತಾ ಹೋಗುತ್ತದೆ. ನಿಜವಾದ ಮಡಿಕೆಯೂ ತಿರುವಿನಲ್ಲೇ ದಪ್ಪ ಇರುತ್ತದೆ.

ಹೆಸರು ಇಲ್ಲದಿದ್ದರೆ ನನಗೆ ಅದು ಒಳ್ಳೇ ಬೂದು ಬಣ್ಣದ ಅಲೆ ಆಗಿ ಉಳಿಯುತ್ತಿತ್ತು.

ಬಾಡಿಗೆ ಮನೆ | ಸೋಮವಾರ ಮಧ್ಯಾಹ್ನ 2:05

ಒಳ್ಳೇ ಬೂದು ಬಣ್ಣದ ಅಲೆ ಆಗಿದ್ದರೆ ತೊಂದರೆ ಏನು? ನಿಮಗೆ ಕಲ್ಲು ಗೊತ್ತು, ಮಣ್ಣು ಗೊತ್ತು. ನನಗೆ ಎರಡೂ ಗೊತ್ತಿಲ್ಲ. ನಾನು ನೋಡೋಕೆ ಅರ್ಹನಲ್ವಾ? (ಹೌದು, ಬೈದುಕೊಂಡೇ ಹೋಗಿ ನೋಡಿ ಬಂದೆ. 11 ಚೆನ್ನಾಗಿದೆ. ಹುತ್ತ ಅಂತ ಗೊತ್ತಾಗುವ ಮೊದಲೂ ಚೆನ್ನಾಗಿತ್ತು.)

ಮೂರನೇ ಕ್ರಾಸ್ | ಸೋಮವಾರ ರಾತ್ರಿ 8:50

ಎಲ್ಲರಿಗೂ ಥ್ಯಾಂಕ್ಸ್. ಫೋಟೋ ಕಿತ್ತ ಕಥೆ ಕೇಳಿದ ಮೇಲೆ ಹಾಳೆ ಯಾಕೆ ಅಂತ ತಿಳಿಯಿತು. ಆದರೂ ನನ್ನ ತಕರಾರಿನಲ್ಲಿ ಒಂದು ಭಾಗ ಹಾಗೇ ಇದೆ, ಅದು ಇನ್ನೂ ಜಾಸ್ತಿ ಆಯಿತು.

ಮೊದಲು ನೋಡಿ, ಆಮೇಲೆ ತಿಳಿದು, ಮತ್ತೆ ನೋಡುವುದು ಅಂದರೆ ನನಗೆ ಒಪ್ಪಿಗೆ. ಮೇಷ್ಟ್ರ ಹೆದರಿಕೆಗೂ ಕೆರೆ ಏರಿಯವರ ಆಸೆಗೂ ಅದರಲ್ಲಿ ಜಾಗ ಇದೆ. ಆದರೆ ಕೇಳಿದವರಿಗೆ ಮಾತ್ರ ಹಾಳೆ ಅನ್ನುವುದು ಸರಿಯಲ್ಲ. ನನ್ನ ಜೊತೆ ಅಪ್ಪ ಬಂದಿದ್ದರು. ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಗಾಜಿನ ಬಾಗಿಲು, ಬಿಳಿ ಗೋಡೆ, ಪಿಸುಮಾತು. ಅವರು ಚಪ್ಪಲಿ ಹೊರಗೆ ಬಿಡಬೇಕಾ ಅಂತ ನನ್ನನ್ನು ಕೇಳಿದರು. ಅಂಥವರು ಕೌಂಟರ್‌ಗೆ ಹೋಗಿ ಇದು ಏನು ಅಂತ ಕೇಳಲ್ಲ. ಕೇಳಿದರೆ ದಡ್ಡ ಅಂದುಕೊಂಡಾರು ಅಂತ ಸುಮ್ಮನಿರುತ್ತಾರೆ. ಇಂಗ್ಲಿಷ್ ಬಂದು, ಗ್ಯಾಲರಿ ರೂಢಿ ಇದ್ದವರಷ್ಟೇ ಕೇಳುತ್ತಾರೆ. ಅವರಿಗೆ ಹಾಳೆ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು: ಚೀಟಿ, ಹಾಳೆ, ಗೋಡೆ ಸಾಲು, ಎಲ್ಲ ಬರೀ ಇಂಗ್ಲಿಷ್. ಹೆಸರಘಟ್ಟ ಕೆರೆ, ಲಾಲ್‌ಬಾಗ್ ಬಂಡೆ, ಹುತ್ತ. ಊರಿನ ವಸ್ತುವನ್ನೆಲ್ಲ ಗೋಡೆಗೆ ತಂದು, ಊರಿನ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸುವುದಾ?

ಹೊರಗೆ ಹೋಗುವ ಬಾಗಿಲ ಹತ್ತಿರ ಒಂದು ಟೇಬಲ್ ಮೇಲೆ ಹಾಳೆ ಇಡಿ. ಯಾರನ್ನೂ ಕೇಳದೆ ತಗೊಳ್ಳುವ ಹಾಗೆ. ಕನ್ನಡದಲ್ಲೂ ಇರಲಿ.

ಸಾಗರದವಳು | ಸೋಮವಾರ ರಾತ್ರಿ 9:20

ಸರಿಯಾಗಿ ಹೇಳಿದಿರಿ. ಕನ್ನಡ ಹಾಳೆ ಬೇಕಿದ್ದರೆ ನಾನು ಬರೆದುಕೊಡುತ್ತೇನೆ. ಹದಿನಾಲ್ಕು ಸಾಲು ತಾನೆ.

ಕೌಂಟರ್ ಹಿಂದಿನವಳು | ಮಂಗಳವಾರ ಬೆಳಗ್ಗೆ 11:30

ಕಲಾವಿದೆಗೆ ತೋರಿಸಿದೆ. ಚಪ್ಪಲಿ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಟೇಬಲ್ ತರಿಸಿ ಅಂದರು. @ಸಾಗರದವಳು ಮೇಡಂ, ಮೆಸೇಜ್ ಮಾಡಿದ್ದೇನೆ. ಒಂದೇ ಷರತ್ತು ಅಂತೆ: ಮೂಲದ ಹೆಸರು ಮಾತ್ರ, ವಿವರಣೆ ಬೇಡ. 4ರ ಎದುರಿಗೆ ‘ಹೆಸರಘಟ್ಟ ಕೆರೆ ಅಂಗಳ’ ಅಂದರೆ ಸಾಕು, ಟಿ, ವೈ ಎಲ್ಲ ಬರೆಯಬೇಡಿ ಅಂದರು. ಅದನ್ನು ಕೆರೆ ಏರಿ ಸಾರ್ ಬಂದಾಗ ಅವರೇ ಹೇಳಲಿ ಅಂತ.

9ರ ಬೆಣೆಯನ್ನೂ ನೋಡಿಸಿದರು. ಅಡ್ಡಪಟ್ಟಿ ಇದೆಯಂತೆ.

ಬೆಣೆ ಸುತ್ತಿಗೆ | ಮಂಗಳವಾರ ಮಧ್ಯಾಹ್ನ 12:10

ಒಂದೇ ಏಟು ತಾನೆ ಹೊಡೆದದ್ದು?

ಕೌಂಟರ್ ಹಿಂದಿನವಳು | ಮಂಗಳವಾರ ಮಧ್ಯಾಹ್ನ 12:15

ಒಂದೇ.

ಹೊಸಬ | ಮಂಗಳವಾರ ಸಂಜೆ 5:40

ಇಷ್ಟು ಓದಿ ಹೋಗಬೇಕು ಅನಿಸಿದೆ. ಆದರೆ ಅಮೂರ್ತ ಚಿತ್ರ ನೋಡಿಯೇ ಅಭ್ಯಾಸ ಇಲ್ಲ. ಇದಕ್ಕೂ ಮೊದಲು ಬೆಂಗಳೂರಿನಲ್ಲಿ ಏನು ನೋಡಿಕೊಂಡು ಹೋಗಲಿ?

ಕುಂಚ ಮೇಷ್ಟ್ರು | ಮಂಗಳವಾರ ಸಂಜೆ 6:20

ಮೊದಲು, ಅಭ್ಯಾಸ ಏನೂ ಬೇಡ, ನೇರ ಹೋಗಿ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ.

ಕಲಾವಿದ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ಜಲವರ್ಣದಲ್ಲಿ ಬಿಡಿಸಿದ್ದಾರೆ. ಬೆಟ್ಟ, ಮರ ಎಲ್ಲ ಇದ್ದ ಹಾಗೇ ಇದೆ, ಅಮೂರ್ತ ಅಲ್ಲವೇ ಅಲ್ಲ. ಆದರೆ ಮಂಜು ಕವಿದ ಜಾಗ ಮಾತ್ರ ನೋಡಿ, ಉಳಿದದ್ದನ್ನು ಕೈಯಲ್ಲಿ ಮುಚ್ಚಿ. ಅಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇಲ್ಲ. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳನ್ನೇ ಹಿಡಿದು ಕೂತವರು. ರಾಜಾಜಿನಗರದಲ್ಲಿ ಅವರ ಚಿತ್ರಗಳ ಮನೆ ಇದೆ. ಹತ್ತಿರ ಹೋದರೆ ಗುಲ್‌ಮೊಹರ್ ಬರೀ ಕೆಂಪು ಬಣ್ಣದ ಮುದ್ದೆಗಳಾಗುತ್ತದೆ. ಎಸ್.ಜಿ. ವಾಸುದೇವ್ ಅವರ ವೃಕ್ಷದ ಚಿತ್ರಗಳು ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಅಂಗಳದ ಮರಗಳೂ ಚೆನ್ನಾಗಿವೆ. ಚಿತ್ರಕಲಾ ಪರಿಷತ್ತಿನಲ್ಲಿ ಯಾವಾಗ ಹೋದರೂ ಯಾರದಾದರೂ ಪ್ರದರ್ಶನ ಇರುತ್ತದೆ. ಕೆಲವು ಕೆಟ್ಟದಾಗಿರುತ್ತವೆ, ಅದನ್ನೂ ನೋಡಿ.

ಹಾಳೆ ಮಾತ್ರ ಕೊನೆಗೇ ತಗೊಳ್ಳಿ. ನನ್ನ ಹಟ.

ಕೆರೆ ಏರಿ | ಮಂಗಳವಾರ ಸಂಜೆ 7:00

ಮೊದಲೇ ತಗೊಳ್ಳಿ. ನನ್ನ ಹಟ.

ಭಾನುವಾರ ಬೆಳಗ್ಗೆ 8ಕ್ಕೆ ಲಾಲ್‌ಬಾಗ್ ಬಂಡೆ ಮೇಲೆ ಸಿಗೋಣವಾ? ಮಡಿಕೆ ಎಲ್ಲಿ ಚೆನ್ನಾಗಿ ಕಾಣುತ್ತದೆ ತೋರಿಸುತ್ತೇನೆ. ತಿಂಡಿ ಮುಗಿಸಿ 11ಕ್ಕೆ ಗ್ಯಾಲರಿ. ಮೇಷ್ಟ್ರು ಬಂಡೆಗೆ ಬರದೆ ನೇರ ಗ್ಯಾಲರಿಗೇ ಬಂದರೂ ಪರವಾಗಿಲ್ಲ, ಅಲ್ಲಿ ಜಗಳ ಮುಂದುವರಿಸೋಣ.

ಬಾಡಿಗೆ ಮನೆ | ಮಂಗಳವಾರ ಸಂಜೆ 7:12

ತಿಂಡಿಗೆ ನಾನೂ ಇದ್ದೀನಿ. ಬಂಡೆ ನೋಡಿಕೊಂಡು ಬಂದವರಿಗೆ 7 ಹೇಗೆ ಕಾಣುತ್ತೆ, ನೋಡದೆ ಬಂದವರಿಗೆ ಹೇಗೆ ಕಾಣುತ್ತೆ, ಅಲ್ಲೇ ಗೊತ್ತಾಗಲಿ. ಮೇಷ್ಟ್ರ ಕಡೆ ಒಬ್ಬನಾದರೂ ಬೇಕಲ್ಲ, ನಾನು ಬಂಡೆ ಹತ್ತಲ್ಲ, ಕೆಳಗೆ ಗೇಟ್ ಹತ್ತಿರ ಇರ್ತೀನಿ.

ಮೂರನೇ ಕ್ರಾಸ್ | ಮಂಗಳವಾರ ರಾತ್ರಿ 9:30

ಅಪ್ಪನೂ ಬರುತ್ತಾರಂತೆ. 4ನೇ ಚಿತ್ರದ ಬಿರುಕು ಕೈಯಲ್ಲಿ ಎಳೆದದ್ದು ಅಂದಿದ್ದಕ್ಕೆ, ಯಾವ ಟೂಲ್ ಅಂತ ಕೇಳುತ್ತಿದ್ದಾರೆ. @ಕೌಂಟರ್ ಹಿಂದಿನವಳು, ಭಾನುವಾರ ಕಲಾವಿದೆ ಇರುತ್ತಾರಾ?

ಕೌಂಟರ್ ಹಿಂದಿನವಳು | ಬುಧವಾರ ಬೆಳಗ್ಗೆ 10:20

12ರ ಮೇಲೆ ಇರುತ್ತಾರೆ. ನೈಫ್ ತರೋಕೆ ಹೇಳುತ್ತೇನೆ.